ಹೊಸ್ತಿಲು ಬಿಟ್ಟು ತಂದ ಬಾಗಿಲು

ಅಪ್ಪ ಚಿನ್ನದ ಗಣಿಯಿಂದ ನಿವೃತ್ತನಾದ ವರ್ಷ ಕಂಪನಿಯ ಮನೆ ಬಿಡಬೇಕಾಯಿತು. ಬಂಗಾರಪೇಟೆಯಲ್ಲಿ ಕಟ್ಟುತ್ತಿದ್ದ ನಮ್ಮ ಮನೆಗೆ ಗೋಡೆ, ಸೂರು ಆಗಿದ್ದವು, ತಲೆಬಾಗಿಲು ಇರಲಿಲ್ಲ. ಅದನ್ನು ಕೂರಿಸದೆ ಅಮ್ಮ ಹಾಲುಕ್ಕಿಸಲು ಒಪ್ಪಳು. ತಿಂಗಳ ಕೊನೆಗೆ ಕಂಪನಿಗೆ ಬೀಗದ ಕೈ ಒಪ್ಪಿಸಲೇಬೇಕು. ಹೊಸ ತೇಗ ನಮ್ಮ ಕೈಗೆಟುಕುವಂಥದ್ದಲ್ಲ. ಗಣಿಯ ಪಕ್ಕದ ಚಾಂಪಿಯನ್ ರೀಫ್ಸಿನಲ್ಲಿ ಕೆಲಸಗಾರರ ಹಳೇ ಲೈನು ಮನೆಗಳನ್ನು ಕೆಡವುತ್ತಿದ್ದಾರೆಂದು ಕೇಳಿ, ನಾನು ಬೆಂಗಳೂರಿನ ಹಾಸ್ಟೆಲಿನಿಂದ ಬಂದಿದ್ದ ಒಂದು ಭಾನುವಾರ ಅಪ್ಪ, ನಾನು ಇಬ್ಬರೂ ಹೊರಟೆವು. ಭಾನುವಾರವೆಂದು ಬರೆದೆ, ಶನಿವಾರವೂ ಇರಬಹುದು. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಪುಡಿ ಗಾಳಿಗೆ ಏಳುತ್ತಿದ್ದುದು ನೆನಪಿದೆ, ಆದರೆ ಅದು ಎಲ್ಲ ದಿನವೂ ಏಳುತ್ತಿತ್ತು.

ಕೆಡವಿದ ಸಾಮಾನು ಕಾಯುತ್ತಿದ್ದವನು ಅಪ್ಪನ ಜೊತೆ ಗಣಿಯೊಳಗೆ ದುಡಿದ ಮುದುಕ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಇವ್ನೇ ಏನಪ್ಪ ಓದ್ತಿರೋ ಮಗ? ಎಗಲು ಕೊಡ್ತಾನಾ, ಬರೀ ಪುಸ್ತಕಾನಾ?”

“ಕೊಡ್ದೆ ಏನ್ಮಾಡ್ತಾನೆ, ಮುದ್ದೆ ತಿಂತಾನಲ್ಲ,” ಅಂದ ಅಪ್ಪ.

ರಾಶಿಯಲ್ಲಿ ಒಂದೇ ಒಂದು ಚೌಕಟ್ಟು ಗೆದ್ದಲು ಹಿಡಿಯದೆ ಉಳಿದಿತ್ತು. ಅಪ್ಪ ಅದರ ಹೊಸ್ತಿಲ ಮೇಲೆ ಕೈಯಾಡಿಸಿದ. ಅರಿಸಿನ ಮರದೊಳಕ್ಕೇ ಇಳಿದಿತ್ತು.

“ಯಾರ ಮನೇದು?”

“ಮೂಲೆ ಮನೇದು. ನಮ್ ಜೊತೇಲೇ ಇಳ್ದೋನು, ಮೇಲಕ್ ಬರ್ಲಿಲ್ಲ. ನಿಂಗೊತ್ತಲ್ಲ,” ಅಂದ ಮುದುಕ.

ಅಪ್ಪ ಕೈ ತೆಗೆದ. ಗಣಿಯಿಂದ ಮರಳದವನು ತಾನು ದಾಟಿಹೋದ ಹೊಸ್ತಿಲನ್ನೇ ಹುಡುಕಿ ಬರುತ್ತಾನೆಂದು ನಮ್ಮ ಲೈನಿನವರು ನಂಬಿದ್ದರು; ಅಂಥ ಹೊಸ್ತಿಲನ್ನು ಯಾರೂ ಒಯ್ಯುತ್ತಿರಲಿಲ್ಲ. ಮರಕ್ಕೆ ನೆನಪಿರುವುದಿಲ್ಲ ಎಂದು ನಾನು ವಾದಿಸಿದೆ. ಬೇರೆ ಬಾಗಿಲು ಸಿಗುವುದರೊಳಗೆ ತಿಂಗಳು ಮುಗಿಯುತ್ತದೆ ಎಂದೂ ಹೇಳಿದೆ.

“ಮರಕ್ಕಿಲ್ಲ ಕಣ್ಲಾ,” ಅಂದ ಅಪ್ಪ. “ಅವನಿಗೆ ಬೇರೆ ಗುರ್ತು ಏನೈತೆ?”

ಈ ಮಾತು ಅವನೇ ಆಡಿದನೋ, ವರ್ಷಗಳು ಕಳೆದಂತೆ ನಾನೇ ಅವನ ಬಾಯಲ್ಲಿಟ್ಟೆನೋ, ಹೇಳಲಾರೆ. ಆಮೇಲೆ ನಡೆದದ್ದರಲ್ಲಿ ಅನುಮಾನವಿಲ್ಲ. ಅಪ್ಪ ಮುದುಕನಿಂದ ಗರಗಸ ಇಸಕೊಂಡು ಚೌಕಟ್ಟಿನ ಎರಡೂ ಕಾಲುಗಳನ್ನು ಹೊಸ್ತಿಲಿಂದ ಕೊಯ್ದು ಬಿಡಿಸಿದ. ಅವರಿಬ್ಬರೂ ಹೊಸ್ತಿಲನ್ನು ಎತ್ತಿಕೊಂಡು ಹೋಗಿ, ಮೂಲೆ ಮನೆಯ ಬಾಗಿಲಿದ್ದ ಜಾಗದಲ್ಲಿ, ಗೋಡೆಯೇ ಇಲ್ಲದ ಬಯಲಲ್ಲಿ, ಮೊದಲಿದ್ದಂತೆ ಇಟ್ಟರು. ಅಪ್ಪ ಕೂತು ಅಕ್ಕಪಕ್ಕ ಮಣ್ಣು ಒತ್ತಿ ಅಲುಗದಂತೆ ಮಾಡಿದ. ಮಿಕ್ಕ ಮರ ನನ್ನ ಹೆಗಲಿಗೆ ಬಂತು.

ಬಂಗಾರಪೇಟೆಯ ಆಚಾರಿ ಅದಕ್ಕೆ ಬೇವಿನ ಹೊಸ್ತಿಲು ಕೂಡಿಸಿದ. ಬೀಗದ ಕೈ ಒಪ್ಪಿಸುವ ಮೊದಲೇ ಅಮ್ಮ ಹಾಲುಕ್ಕಿಸಿದಳು. ಕೊಯ್ದಿದ್ದರಿಂದ ಬಾಗಿಲು ತುಸು ಗಿಡ್ಡವಾಗಿತ್ತು. ಅಪ್ಪ ಪ್ರತಿಸಲವೂ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದ. ತಗ್ಗಿಸಲೇಬೇಕಾದಷ್ಟು ಎತ್ತರದ ಆಳು ಅವನಾಗಿದ್ದನೇ ಎಂಬುದು ನನಗೀಗ ಖಚಿತವಿಲ್ಲ.