ಗಡಗಡಿ ಬಿಚ್ಚಿದ ದಿನ ಅತ್ತೆಯ ಪಾರಣೆ

ನಮ್ಮ ಮನೆಯ ಕೊಟ್ಟಿಗೆಯಲ್ಲಿ ಮೊದಲು ಎರಡು ಎಮ್ಮೆಗಳಿದ್ದವು. ಈಗ ಅಲ್ಲಿ ನಾನಿರುತ್ತೇನೆ. ಮಾವನವರು ತೀರಿಕೊಂಡ ಮೇಲೆ ಅವರ ರಿಪೇರಿ ಹತ್ಯಾರಗಳ ಕಬ್ಬಿಣದ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಗಂಡ ಬಲ್ಬು ಬದಲಿಸಬೇಕೆಂದರೆ ಇನ್ನಿಬ್ಬರು ಬೇಕಾಗುತ್ತಾರೆ, ಒಬ್ಬರು ಸ್ಟೂಲು ಹಿಡಿಯಲು, ಇನ್ನೊಬ್ಬರು ಬಲ್ಬು ಬದಲಿಸಲು. ನನ್ನ ತವರು ನಿಪ್ಪಾಣಿ. ಅಲ್ಲಿ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಗೊಂಬೆ ಹಿಡಿಯುವ ವಯಸ್ಸಿನಲ್ಲಿ ನಾನು ನಟ್ಟು ಬಿಚ್ಚುವ ಪಾನಾ ಹಿಡಿದವಳು. ಹಾಗಾಗಿ ಐನಾಪುರದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದು ಕೆಲವು ವರ್ಷ ಕೈ ಕಟ್ಟಿಕೊಂಡು ಕೂತು, ಕೊನೆಗೆ ತಡೆಯಲಾಗದೆ ಒಂದು ಮಧ್ಯಾಹ್ನ ಆ ಪೆಟ್ಟಿಗೆ ತೆರೆದೆ.

ಅತ್ತೆಗೆ ಅದು ಸೇರಲಿಲ್ಲ. "ಮನ್ಯಾಗ ಹೆಣ್ಮಗಳು ಕುಂತು ಠಣ ಠಣ ಬಡದ್ರ ಓಣ್ಯಾಗಿನ ಮಂದಿ ಏನಂದಾರು?" ಎಂದರು. ಓಣಿಯವರು ಏನೂ ಅನ್ನಲಿಲ್ಲ. ಮಿಕ್ಸರು, ಇಸ್ತ್ರಿ, ಕುಕ್ಕರಿನ ಹಿಡಿಕೆ ಎಲ್ಲವನ್ನೂ ತಂದು ನನ್ನ ಮುಂದೆ ಇಟ್ಟು ಹೋಗತೊಡಗಿದರು.

ಈಗ ಕೆಲವರು ನನ್ನನ್ನು ಸಲಹೆಯನ್ನೂ ಕೇಳುತ್ತಾರೆ, ಮನೆಯಲ್ಲೇ ರಿಪೇರಿ ಮಾಡಿಕೊಳ್ಳಲು ಏನೇನು ತಂದಿಟ್ಟುಕೊಳ್ಳಬೇಕು ಎಂದು. ಹೇಳುತ್ತೇನೆ. ಹಿಡಿದು ತಿರುಚಲು ಒಂದು ಒಳ್ಳೆಯ ಪಕ್ಕಡ, ಬಡಿಯಲು ಒಂದು ಹಾತೋಡಿ, ಅಳತೆಗೆ ಒಂದರಂತೆ ಪಾನಾಗಳ ಜೋಡಿ. ದೊಡ್ಡದು ಚಿಕ್ಕದು ಮಾಡಬಹುದಾದ ಸ್ಕ್ರೂ ಪಾನಾ ಒಂದೇ ಸಾಕು ಎಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಸ್ಕ್ರೂ ಪಾನಾ ಇರುವ ಮನೆಯಲ್ಲಿ ಯಾವ ನಟ್ಟಿಗೂ ಮೂಲೆ ಉಳಿಯುವುದಿಲ್ಲ. ತುಕ್ಕು ಹಿಡಿದ ಬೋಲ್ಟಿನ ಜೊತೆ ಜಗಳಾಡಬೇಡಿ, ಒಂದು ರಾತ್ರಿ ಸೀಮೆಎಣ್ಣೆ ಕುಡಿಸಿ ಬಿಟ್ಟುಬಿಡಿ, ಬೆಳಿಗ್ಗೆ ಅದೇ ಮಾತು ಕೇಳುತ್ತದೆ. ಗೋಡೆಯ ಮೇಲೆ ಪ್ರತಿಯೊಂದು ಹತ್ಯಾರದ ಆಕಾರ ಇದ್ದಿಲಿನಿಂದ ಬರೆದು ಅಲ್ಲಲ್ಲೇ ತೂಗುಹಾಕಿ, ಪಕ್ಕದ ಮನೆಯವರು ಒಯ್ದದ್ದು ಒಂದೇ ನೋಟಕ್ಕೆ ಕಾಣುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯ, ಹೊಸ ಭಾಗ ಕೂತು ಒಂದು ವಾರ ನಡೆಯುವ ತನಕ ಹಳೆಯದನ್ನು ಹಾಳು ಮಾಡಬೇಡಿ.

ಈ ಕೊನೆಯ ಸಲಹೆಯನ್ನು ನಾನು ಊರಿಗೆಲ್ಲ ಹೇಳುತ್ತಿದ್ದೆ. ಪಾಲಿಸಲಿಲ್ಲ. ಅದರ ಕಥೆಯೇ ಇದು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ಎಲ್ಲರಿಗೂ ಇರುವ ನೇಮ. ಅತ್ತೆಯದು ಅದಕ್ಕಿಂತ ಬಿಗಿ. ದಿನಕ್ಕೆ ಒಂದೇ ಸಲ ಊಟ, ಆಗಲೇ ನೀರು ಕೂಡ. ಅದೂ ನಮ್ಮ ಹಿತ್ತಲ ಬಾವಿಯಿಂದ ಸೇದಿ, ದಪ್ಪ ಬಟ್ಟೆಯಲ್ಲಿ ಸೋಸಿದ ನೀರು. ಸೋಸಿದಾಗ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡಬೇಕು. ನಳದ ನೀರಿಗೆ ಈ ಸೌಕರ್ಯವಿಲ್ಲ, ಎಲ್ಲಿಂದ ಬಂತು ಎಂದು ಯಾರಿಗೆ ಗೊತ್ತು? ಬಸದಿಯ ಬಾವಿಗೆ ಮೋಟರು ಕೂಡಿಸಿದ್ದಾರೆ, ಅದೂ ಆಗುವುದಿಲ್ಲ. ಓಣಿಯ ಉಳಿದ ಬಾವಿಗಳು ಕಸ ತುಂಬಿ ಮುಚ್ಚಿ ಹೋಗಿವೆ.

ಈ ಬಾವಿಯ ಮೇಲೊಂದು ಗಡಗಡಿ, ಅಂದರೆ ಹಗ್ಗ ಹಾಯುವ ಕಬ್ಬಿಣದ ರಾಟೆ. ನಡುವೆ ಅಚ್ಚು, ಅಚ್ಚಿನ ಸುತ್ತ ಹಿತ್ತಾಳೆಯ ಬಳೆಯಂಥ ಒಂದು ಬುಶ್. ಆ ಬುಶ್ ಸವೆದು ಹೋಗಿತ್ತು. ದಿನಾ ಬೆಳಿಗ್ಗೆ ಅತ್ತೆ ಹಗ್ಗ ಎಳೆದರೆ ಅದು ಕಿರ್‍ರೋ ಎಂದು ಅರಚುತ್ತಿತ್ತು. ಹತ್ತು ವರ್ಷ ನಾನು ಆ ಸದ್ದಿಗೆ ಹಲ್ಲು ಕಚ್ಚಿಕೊಂಡು ಎದ್ದಿದ್ದೇನೆ. ರಿಪೇರಿ ಮಾಡೋಣವೆಂದರೆ ಬಾವಿಗೆ ಒಂದು ದಿನವೂ ರಜೆಯಿಲ್ಲ.

ಆಮೇಲೆ ಹೊಳೆಯಿತು. ಚತುರ್ದಶಿಯ ದಿನ ಅತ್ತೆ ನಿರಾಹಾರ ಉಪವಾಸ ಮಾಡುತ್ತಾರೆ, ಹನಿ ನೀರೂ ಇಲ್ಲ. ಅಂದು ಬಾವಿಯ ಮೇಲೆ ಯಾರಿಗೂ ಕೆಲಸವಿಲ್ಲ. ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ. ಅಥಣಿಗೆ ಹೋಗಿ ಒಂದು ಬೇರಿಂಗು, ಒಂದು ಡಬ್ಬಿ ಗ್ರೀಸು ತಂದೆ. ಅಂದು ಬೆಳಿಗ್ಗೆ ಗಡಗಡಿ ಇಳಿಸಿದೆ. ಹಳೆಯ ಬುಶ್ ಹೊರಗೆ ಬರಲು ಒಪ್ಪಲಿಲ್ಲ. ಸಮಾಧಾನದಿಂದ ತೆಗೆಯಬಹುದಿತ್ತು. ಆದರೆ ಹತ್ತು ವರ್ಷದ ಸಿಟ್ಟು ಕೈಗೆ ಬಂತು. ಕಬ್ಬಿಣ ಕಡಿಯುವ ಛಿನ್ನಿ ಇಟ್ಟು ಹಾತೋಡಿಯಿಂದ ಒಂದೇಟು ಕೊಟ್ಟೆ. ಬುಶ್ ಎರಡು ಹೋಳಾಗಿ ಹೊರಗೆ ಬಿತ್ತು. ಬಹಳ ಹಿತವಾಯಿತು.

ಸಂಜೆಯೊಳಗೆ ಬೇರಿಂಗು ಕೂರಿಸಿ, ಧಾರಾಳವಾಗಿ ಗ್ರೀಸು ತುಂಬಿ, ಗಡಗಡಿಯನ್ನು ಮತ್ತೆ ಮೇಲೇರಿಸಿದೆ. ಬೆರಳಿಂದ ಒಮ್ಮೆ ತಳ್ಳಿದರೆ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಗಂಡನನ್ನು ಕರೆದು ಮೂರು ಸಲ ತೋರಿಸಿದೆ.

ಮರುದಿನ ಅಮಾವಾಸ್ಯೆ, ಅತ್ತೆಯ ಪಾರಣೆ, ಅಂದರೆ ಉಪವಾಸ ಬಿಡುವ ದಿನ. ಗಂಡ ಹೊಲದ ಉತಾರದ ಕಾಗದ ತರಲು ಬೆಳಿಗ್ಗೆಯೇ ಚಿಕ್ಕೋಡಿಗೆ ಹೋದರು. ಅತ್ತೆ ಬಸದಿಗೆ ಹೋಗಿ ಬಂದು ಬಾವಿಕಟ್ಟೆಯ ಬಳಿ ನಿಂತರು. ನಾನು ಮದುವೆಮನೆಯ ಯಜಮಾನಿಯ ಠೀವಿಯಲ್ಲಿ ಒಂದು ಕೊಡ ಸೇದಿ ತೋರಿಸಿದೆ.

"ಏನವ್ವಾ ಇದು, ಉಸರs ಬಿಡವಲ್ದು?" ಎಂದರು. ಬಗ್ಗಿ ನೋಡಿದರು. ಅಚ್ಚಿನ ಪಕ್ಕ ಕಂದು ಬಣ್ಣದ್ದು ಜಿನುಗಿ ಹಗ್ಗಕ್ಕೂ ತಾಗಿತ್ತು. "ಇದೇನ ಹಚ್ಚೀ?"

"ಗ್ರೀಸ್ ರೀ ಅತ್ತ್ಯಾರ."

"ಯಾತರ್ಲೆ ಮಾಡ್ತಾರ ಅದನ್ನ?"

ನಾನು ಗ್ರೀಸಿನ ವಾಸನೆಯಲ್ಲೇ ಬೆಳೆದವಳು. ಅದು ಯಾವುದರಿಂದ ಆಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಕೆಲವದ್ರಾಗ ಪ್ರಾಣಿ ಚರಬಿ ಹಾಕ್ತಾರ ಅಂತ ಕೇಳೇನಿ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಗೊತ್ತಾಗೂತನಕಾ ಈ ನೀರ ನನಗ ಬ್ಯಾಡವ್ವಾ."

ಅಥಣಿಯ ಅಂಗಡಿಯವನಿಗೆ ಫೋನು ಮಾಡಿದೆ. ಅತ್ತೆಗೂ ಕೇಳಲೆಂದು ಸ್ಪೀಕರು ಹಾಕಿದೆ.

"ನಿನ್ನೆ ಅಲ್ಲ ಮೊನ್ನೆ ಒಯ್ದ ಗ್ರೀಸ್ ಯಾತರಿಂದ ಮಾಡಿದ್ದರಿ?"

"ವೈನಿ, ಏಕದಮ್ ಭಾರಿ ಮಾಲ್ ಐತ್ರಿ. ಕಬ್ಬಿನ ಟ್ರ್ಯಾಕ್ಟರ್‍ಗೂ ಇದನ್ನs ಹಾಕ್ತಾರ."

"ಅದಲ್ರಿ. ಸಸ್ಯಾಹಾರಿ ಐತೇನ್ರಿ?"

"ವೈನಿ, ತಿನ್ನಾಕ ಒಯ್ದಿರೇನ್ರಿ?"

ವಿಷಯ ತಿಳಿಸಿ ಹೇಳಿದೆ. ಪಾಪ, ಒಳ್ಳೆಯವನು. "ತಡೀರಿ, ಬಿಸ್ಕೀಟ್ ಪುಡಿಕ್ಯಾಗ ಇರತೈತಲ್ರಿ, ಹಸರ ಚುಕ್ಕಿ, ಹಂಗ ಏನರ ಐತೇನ್ ನೋಡತೀನಿ" ಎಂದು ಡಬ್ಬಿ ಹುಡುಕಿ ತಂದ. "ಹಸರೂ ಇಲ್ರಿ, ಕೆಂಪೂ ಇಲ್ಲ. ಒಂದು ಆನಿ ಚಿತ್ರ ಐತಿ. ಆನಿ ಸಸ್ಯಾಹಾರಿನs ಅಲ್ರಿ ವೈನಿ?"

ಅತ್ತೆ ತಲೆ ಅಲ್ಲಾಡಿಸಿದರು. "ಹಂಗಾರ ಆನೀದs ಚರಬಿ ಇರಬೇಕು."

ಅಲ್ಲಿಗೆ ಮಾತು ಮುಗಿಯಿತು. ಫೋನಿಟ್ಟೆ. ಅತ್ತೆ ಹೋಗಿ ಕೊಟ್ಟಿಗೆಯ ಹೊಸ್ತಿಲ ಬಳಿ ಜಪಮಾಲೆ ಹಿಡಿದು ಕೂತರು. ಅವರು ಕೊನೆಯ ಸಲ ನೀರು ಕುಡಿದದ್ದು ಮೊನ್ನೆ. ಇಂದು ಹೊತ್ತು ಮುಳುಗಲು ಎರಡು ಗಳಿಗೆ ಇರುವಾಗಲೇ ಊಟ ಮುಗಿಯಬೇಕು. ಅಷ್ಟರಲ್ಲಿ ಗಡಗಡಿ ಸರಿಯಾಗದಿದ್ದರೆ ನಾಳೆ ಬೆಳಗಿನ ತನಕ ಹಾಗೇ ಇರುತ್ತಾರೆ. ವಯಸ್ಸು ಎಪ್ಪತ್ತೆಂಟು.

ಗ್ರೀಸು ತೊಳೆಯೋಣವೆಂದರೆ ಅದು ಬೇರಿಂಗಿನ ಹೊಟ್ಟೆಯೊಳಗಿದೆ. ಬೇರೆ ಬೇರಿಂಗು ತರೋಣವೆಂದರೆ ಅದೂ ಕಾರ್ಖಾನೆಯಿಂದಲೇ ಗ್ರೀಸು ತಿಂದು ಬರುತ್ತದೆ. ಹಳೆಯ ಬುಶ್ಶು ಎರಡು ಹೋಳು. ಹೊಸದನ್ನು ಕಡೆಸೋಣವೆಂದು ಐನಾಪುರದ ಲೇತ್ ಅಂಗಡಿಗೆ ಗಾಡಿ ಓಡಿಸಿದೆ. ಶಟರು ಎಳೆದಿತ್ತು. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾವ ಗ್ಯಾರೇಜು, ಯಾವ ಲೇತು ತೆರೆದಿರುತ್ತದೆ? ಕೃಷ್ಣಪಕ್ಷದ ಚತುರ್ದಶಿಯ ಮರುದಿನ ಅಮಾವಾಸ್ಯೆ ಬರುತ್ತದೆಂಬುದು ಪಂಚಾಂಗ ನೋಡದವರಿಗೂ ಗೊತ್ತು. ನನ್ನ ಬುದ್ಧಿಗೆ ಹೇಳಿಕೊಂಡ ಭೇಷನ್ನು ಅಲ್ಲೇ ವಾಪಸು ತೆಗೆದುಕೊಂಡೆ.

ಮನೆಗೆ ಬಂದು ನೋಡಿದರೆ ಅತ್ತೆ ಕೂತಲ್ಲೇ ಕೂತಿದ್ದರು. ತುಟಿ ಒಣಗಿತ್ತು. ಕಟ್ಟಿಗೆಯಲ್ಲೇ ಬುಶ್ ಮಾಡುತ್ತೇನೆ ಎಂದು ತೀರ್ಮಾನಿಸಿದೆ. ಮಾವನವರ ಕೊಡಲಿಯ ಮುರಿದ ಕಾವು ಇತ್ತು, ಒಣಗಿ ಕಲ್ಲಾದ ಜಾಲಿಯದು. ಗಡಗಡಿಯಿಂದ ಬೇರಿಂಗು ಹೊಡೆದು ತೆಗೆದೆ, ಗಾಲಿಯನ್ನು ಸೀಗೆಪುಡಿ ಹಾಕಿ ನಾಲ್ಕು ಸಲ ತಿಕ್ಕಿದೆ. ಹೊಸ ಹಗ್ಗ ಅಟ್ಟದಿಂದ ಇಳಿಸಿದೆ. ಕಾವಿನಿಂದ ಒಂದು ತುಂಡು ಕೊಯ್ದು, ಅಚ್ಚಿನ ಅಳತೆಗೆ ತೂತು ಕೊರೆಯತೊಡಗಿದೆ. ಅವಸರಕ್ಕೆ ಡ್ರಿಲ್ಲಿಗೆ ಒಮ್ಮೆಲೇ ದೊಡ್ಡ ಬಿಟ್ ಹಾಕಿದೆ. ತುಂಡು ಸೀಳಿತು. ಇಲ್ಲೊಂದು ಸಲಹೆ ಬರೆದುಕೊಳ್ಳಿ: ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ಎರಡನೆಯ ತುಂಡಿಗೆ ತೂತು ಚೆನ್ನಾಗಿ ಬಂತು, ಆದರೆ ಹೊರಗಡೆ ಹೆಚ್ಚು ಕೆತ್ತಿಬಿಟ್ಟೆ. ಗಾಲಿಯೊಳಗೆ ಇಟ್ಟರೆ ಲೊಡಲೊಡ ಅಲ್ಲಾಡಿತು. ಇನ್ನೊಂದು ಸಲಹೆ: ಕೆತ್ತಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ, ಆದ್ದರಿಂದ ಒಂದೆಳೆ ತೆಗೆದು ಹತ್ತು ಸಲ ಇಟ್ಟು ನೋಡಿ.

ಆಗ ಮಧ್ಯಾಹ್ನ ಎರಡು ಗಂಟೆ. ಅತ್ತೆ ಎದ್ದು ನಿಲ್ಲಲು ಹೋಗಿ ಬಾಗಿಲ ಚೌಕಟ್ಟು ಹಿಡಿದುಕೊಂಡದ್ದನ್ನು ಕಂಡೆ. ನನಗೆ ಸಿಟ್ಟು ನೆತ್ತಿಗೇರಿತು. ಆನೆಯ ಮೇಲೆ, ಅಮಾವಾಸ್ಯೆಯ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ಹಾತೋಡಿಯನ್ನು ಮೂಲೆಗೆ ಎಸೆದೆ.

"ಸಂಜೀಕ ಈ ಪೆಟಿಗಿ ಸಮೇತ ಎಲ್ಲಾ ಹಳೇ ಕಬ್ಬಿಣದ ಮೋಡಕಾದಾಂವಗ ಕೊಟ್ಟಬಿಡ್ತೀನ್ರಿ! ಇನ್ನೊಮ್ಮಿ ಏನರ ಮುಟ್ಟಿದ್ರ ಕೇಳ್ರಿ!"

ಅತ್ತೆ ಮೂಲೆಗೆ ಹೋಗಿ, ಹಾತೋಡಿ ಎತ್ತಿ ತಂದು ನನ್ನ ಮೊಣಕಾಲ ಬಳಿ ಇಟ್ಟರು. ಇಷ್ಟು ವರ್ಷದಲ್ಲಿ ಅವರು ಅದನ್ನು ಮುಟ್ಟಿದ್ದು ಅದೇ ಮೊದಲು.

"ಇನ್ನ ಕಾವು ಉಳದೈತಲ್ಲ" ಎಂದು ಮತ್ತೆ ಹೊಸ್ತಿಲಿಗೆ ಹೋಗಿ ಕೂತರು.

ಮೂರನೆಯ ತುಂಡು ನನ್ನ ಮಾತು ಕೇಳಿತು. ಹಾತೋಡಿಯ ಏಟು ನೇರ ಬೀಳದಂತೆ ಮೇಲೊಂದು ಹಲಗೆ ಇಟ್ಟು ಮೆಲ್ಲಗೆ ಬಡಿದು ಕೂರಿಸಿದೆ. ಎಣ್ಣೆಗೆ ಏನು ಮಾಡುವುದು ಎಂದು ತಲೆ ಎತ್ತಿದರೆ, ಅತ್ತೆ ಅಡುಗೆಮನೆಯಿಂದ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಬರುತ್ತಿದ್ದರು. "ಇದು ನಮ್ಮ ಹೊಲದ್ದು, ಇದಕ್ಕ ಯಾರನ್ನೂ ಕೇಳೂದು ಬ್ಯಾಡ" ಎಂದರು. ಗಡಗಡಿ ಮೇಲೇರಿದಾಗ ನಾಲ್ಕೂವರೆ. ಅತ್ತೆ ತಾವೇ ಹಗ್ಗ ಎಳೆದರು. ಹೊಸ ಬುಶ್ಶು ಕುಂಯ್ ಎಂದು ಸಣ್ಣಗೆ ಗೊಣಗಿತು. ನನಗೆ ಆ ಸದ್ದು ಕೇಳಿ ಜೀವ ಬಂತು.

ಅತ್ತೆ ನೀರು ಸೋಸಿ, ಬಟ್ಟೆಯನ್ನು ಬಾವಿಯೊಳಗೆ ಜಾಲಿಸಿ, ಹೆಸರುಬೇಳೆಯ ಗಂಜಿ ಮಾಡಿಕೊಂಡು ಊಟಕ್ಕೆ ಕೂತಾಗ ಹೊತ್ತು ಇನ್ನೂ ಕಬ್ಬಿನ ಗದ್ದೆಯ ಮೇಲಿತ್ತು. ಅದೇ ಹೊತ್ತಿಗೆ ಗಂಡ ಚಿಕ್ಕೋಡಿಯಿಂದ ಬಂದರು. ನಾನು ಇಡೀ ದಿನದ ಪಾಡನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಚಪ್ಪಲಿ ಬಿಡುತ್ತ ಕೇಳಿದರು.

"ಗಡಗಡಿ ಇಲ್ಲಂದ್ರೇನಾತು, ಕೈಲೆ ಜಗ್ಗೂದಿತ್ತಲ್ಲ? ನಾ ಸಾಲ್ಯಾಗ ನಾಕನೇತ್ತಾ ಇದ್ದಾಗ ಅಪ್ಪ ಈ ಗಡಗಡಿ ಕೂಡ್ಸಿದ. ಅಲ್ಲೀಮಟಾ ಅವ್ವ ದಿನಾ ಕೈಲೆನs ಸೇದತಿದ್ಲು."

ನಾನು ಬಾವಿಕಟ್ಟೆಯತ್ತ ನೋಡಿದೆ. ಅಂಚಿನ ಕಲ್ಲಿನಲ್ಲಿ ಹೆಬ್ಬೆರಳು ಕೂರುವಷ್ಟು ಆಳದ ನಾಲ್ಕು ಗೆರೆಗಳು. ಹಗ್ಗ ಉಜ್ಜಿ ಬಿದ್ದ ಗೆರೆಗಳು. ಮಾವನವರು ಕುಡುಗೋಲು ಮಸೆದು ಹಾಗಾಗಿದೆ ಎಂದು ತಿಳಿದು ನಾನೂ ಇಷ್ಟು ವರ್ಷ ಅಲ್ಲೇ ಈಳಿಗೆ ಮಸೆದಿದ್ದೆ. ಹತ್ಯಾರ ಹಿಡಿದವಳ ತಲೆಗೆ ಬರಿಗೈ ಹೊಳೆದೇ ಇರಲಿಲ್ಲ.

"ಅತ್ತ್ಯಾರ, ನಿಮಗ ನೆನಪ ಇರಲಿಲ್ಲೇನ್ರಿ?"

"ಹದಿನೈದ ವರ್ಷ ಜಗ್ಗೇನಿ, ಮರೀತೇನೇನ?"

"ಮತ್ತ ಮುಂಜಾನೆನs ಹೇಳಬಾರ್ದೇನ್ರಿ? ಒಂದ ಮಾತ ಹೇಳಿದ್ರ ನಾನs ಜಗ್ಗಿ ಕೊಡ್ತಿದ್ನಲ್ರಿ! ಹಸದು ಕುಂತೀರಲ್ಲ ಇಷ್ಟೊತ್ತನಾ!"

ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟರು.

"ಮುಂಜಾನೆ ಹೇಳೂನಂದೆ. ನೀ ಮಾಡ್ತೀನಂತ ಕುಂತಿದ್ದಿ, ಇರಲಿ ಅಂತ ಸುಮ್ಮನಾದೆ. ಮಧ್ಯಾಹ್ನ ಮತ್ತ ಬಾವೀಕಡೆ ಹೋಗಬೇಕಂತ ಎದ್ದಿದ್ದೆ. ಅಷ್ಟರಾಗ ನೀ ಹಾತೋಡಿ ಒಗದಿ. ಆಗ ನಾ ಕೈಲೆ ಒಂದ ಕೊಡ ಜಗ್ಗಿದ್ನೆಂದ್ರ, ನೀ ಖರೇನs ಆ ಪೆಟಿಗಿ ಮೋಡಕಾಕ್ಕ ಹಾಕತಿದ್ದಿ. ನಾ ಒಂದಿನ ಹಸದಿರಾಕ ರೂಢಿ ಆದಾಕಿ. ನಿನಗ ಅದನ್ನ ಬಿಟ್ಟು ಇರಾಕ ಆಗತಿತ್ತೇನ?"

ಠಣ ಠಣ ಎಂದು ಬಡಿದರೆ ಮಂದಿ ಏನಂದಾರು ಎಂದವರು ಇವರೇ. ನನಗೆ ಅಳು ಬಂತು, ತಡೆಯಲೂ ಇಲ್ಲ. ಗಂಡ ಏನೂ ತಿಳಿಯದೆ ನನ್ನ ಮುಖ, ಅವ್ವನ ಮುಖ ನೋಡುತ್ತ ನಿಂತರು.

"ಅಳೂದ ಆಮ್ಯಾಲ ಅಳವಂತಿ. ಹೊತ್ತ ಇಳ್ಯಾಕತ್ತೈತಿ, ನೀರ ಹಾಕು" ಎಂದು ಅತ್ತೆ ಲೋಟ ಮುಂದೆ ಹಿಡಿದರು. ನಾನು ಸೋಸಿಟ್ಟ ಕೊಡ ಬಗ್ಗಿಸಿ ಲೋಟದ ತುಂಬ ಹಾಕಿದೆ.