ಗಾಯಕಿ: ಅಜ್ಞಾತ

“ಸಂಶೋಧಕರಿಗೆ ಮಾತ್ರ ಕೇಳಿಸ್ತೀವಿ. ನೀವು ಸಂಶೋಧಕರಾ?”

“ಇಲ್ಲ ಸಾರ್, ಮಗಳು.”

ಕಳೆದ ವಾರ ಚಿಕ್ಕಬಳ್ಳಾಪುರದ ಒಂದು ಜಾನಪದ ಸಂಗ್ರಹಾಲಯದಲ್ಲಿ ನಡೆದ ಮಾತಿದು. (ಹೆಸರು ಬೇಡ ಬಿಡಿ, ಇಂಥವು ಒಂದೇ ಇಲ್ಲ.) ಮಗಳು ಎಂದವರು ಸಾದಲಿಯ ರತ್ನಮ್ಮ. ಈಗ ಶಿಡ್ಲಘಟ್ಟದಲ್ಲಿ ನನ್ನ ಪಕ್ಕದ ಮನೆಯವರು.

ಅವರ ಅಮ್ಮ ಮುನಿತಾಯಮ್ಮ ಸೋಬಾನೆ ಪದಗಳಿಗೆ ಹೆಸರಾದವರು. ಮದುವೆ ಮನೆಯಿರಲಿ, ರೇಷ್ಮೆ ಹುಳುವಿನ ಮನೆಯಿರಲಿ, ಆಕೆ ಎತ್ತಿಕೊಟ್ಟರೆ ಸುತ್ತ ಇದ್ದ ಹೆಂಗಸರೆಲ್ಲ ಸೊಲ್ಲು ಹಿಡಿಯುತ್ತಿದ್ದರಂತೆ. ಕನ್ನಡದಲ್ಲಿ ಶುರುವಾದ ಪದ ತೆಲುಗಿನಲ್ಲಿ ಮುಗಿದರೂ ಯಾರೂ ತಡವರಿಸುತ್ತಿರಲಿಲ್ಲ. ಅಲ್ಲಿ ಕೇಳುಗರು ಅಂತ ಬೇರೆ ಯಾರಿದ್ದರು? ಇದ್ದವರೆಲ್ಲ ಹಾಡುಗಾರರೇ.

ರತ್ನಮ್ಮ ಚಿಕ್ಕವರಿದ್ದಾಗ ಯಾರೋ ವಿದ್ವಾಂಸರು ಟೇಪ್ ರೆಕಾರ್ಡರ್ ತಂದು ಅದನ್ನೆಲ್ಲ ತುಂಬಿಕೊಂಡು ಹೋದರು. ಆಮೇಲೆ ಅಮ್ಮ ತೀರಿಕೊಂಡರು. ಮನೆಯಲ್ಲಿ ಆ ದನಿಯ ಒಂದು ಚೂರೂ ಉಳಿದಿಲ್ಲ. ಈಗ ರತ್ನಮ್ಮನವರ ಮಗಳ ಮದುವೆ ಗೊತ್ತಾಗಿದೆ. “ಅಜ್ಜಿ ಪದ ಕೇಳಿಸೇ ಮಗೂನ ಹಸೆಗೆ ಕೂರಿಸ್ಬೇಕು ಕಣಮ್ಮ” ಎಂದು ರತ್ನಮ್ಮ ಹಟ ಹಿಡಿದರು. ಆ ಟೇಪು ಈ ಸಂಗ್ರಹಾಲಯ ಸೇರಿದೆ ಅಂತ ಯಾರೋ ಹೇಳಿದ್ದರು, ಅದಕ್ಕೇ ಹೋದೆವು.

ನಾನು ಪತ್ರಿಕೆಗೆ ಬರೆಯುವವಳು ಅಂದ ಮೇಲೆ ಅಲ್ಲಿನ ಆಫೀಸರ್ ಸಾದಲಿಯ ರೆಕಾರ್ಡಿಂಗ್ ಹುಡುಕಿ ಹೆಡ್‌ಫೋನ್ ಕೊಟ್ಟರು. (ಮಗಳಿಗಿಲ್ಲದ ಹಕ್ಕು ಅಂಕಣಕ್ಕಿದೆ, ನೋಡಿ!) ರತ್ನಮ್ಮ ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಸೊಲ್ಲು ಹಿಡಿದರು.

“ಮೇಡಂ, ಸೈಲೆನ್ಸ್!”

ಆಗಲೇ ನಾನು ಸ್ಕ್ರೀನ್ ನೋಡಿದ್ದು. ಸಂಗ್ರಹಿಸಿದವರ ಹೆಸರು ಡಿಗ್ರಿಗಳ ಸಮೇತ ಇತ್ತು. ಅದರ ಕೆಳಗೆ, ‘ಗಾಯಕಿ: ಅಜ್ಞಾತ’.

ಓದಿ ಹೇಳಿದೆ. ರತ್ನಮ್ಮ ಹೆಡ್‌ಫೋನ್ ತೆಗೆದು ಆಫೀಸರ್ ಕಡೆ ಚಾಚಿದರು. “ನೀವೇ ಕೇಳಿ ಸಾರ್. ಪದಕ್ಕೆ ಮುಂಚೆ ನಿನ್ನ ಹೆಸರೇನಮ್ಮ ಅಂತ ಆವಯ್ಯ ಕೇಳ್ತಾನೆ. ಮುನಿತಾಯಮ್ಮ, ಸಾದಲಿಯೋಳು ಅಂತ ನಮ್ಮಮ್ಮ ಹೇಳ್ತಾಳೆ.”

ಆತ ಹೆಡ್‌ಫೋನ್ ಮುಟ್ಟಲೂ ಇಲ್ಲ. “ಹೆಸರು ಸೇರಿಸ್ಬೇಕಾದ್ರೆ ಪ್ರೂಫ್ ಬೇಕಮ್ಮ. ಕಾಪಿ ಕೊಡೋಕೂ ಆಗಲ್ಲ, ರೂಲ್ಸಿಲ್ಲ.”

ತಾಯಿಯೇ ತನ್ನ ಬಾಯಲ್ಲಿ ತನ್ನ ಹೆಸರು ಹೇಳಿದ್ದಾಳೆ. ಇನ್ನೆಂಥ ಪ್ರೂಫು?

ಬರಿಗೈಲಿ ಬಸ್ ಹತ್ತಿದೆವು. “ಹೋಗ್ಲಿ ಬಿಡಮ್ಮ, ಮದುವೇಲಿ ನಾನೇ ಪದ ಹೇಳ್ತೀನಿ. ಬಂದಷ್ಟು ಬರ್ಲಿ” ಎಂದರು ರತ್ನಮ್ಮ. ಅವರು ಸಮಾಧಾನ ಮಾಡಿಕೊಂಡರು. ನನಗಾಗಲಿಲ್ಲ.

ಎಸಿ ರೂಮು, ಸರ್ವರು, ಬಾಗಿಲಿಗೆ ಬೀಗ. ಜೋಪಾನ ಮಾಡಿದ್ದಾರೆ, ಒಪ್ಪಿದೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿಸಿಕೊಂಡಿದ್ದಾರಾ?