ಅತ್ತರಿನ ಎಂಜಿನಿಯರು

ರವಣಪ್ಪನವರು ಬರುವ ಮೊದಲು ಅವರ ಅತ್ತರು ಬರುತ್ತಿತ್ತು. ಹಾಲಿನ ಡೇರಿಯ ತಿರುವಿನಲ್ಲಿ ಬಸ್ಸಿಳಿದು ಅವರಿನ್ನೂ ಕಣ್ಣಿಗೆ ಬೀಳದಿರುವಾಗಲೇ, ಗಾಳಿ ನಮ್ಮ ಕಡೆಗಿದ್ದರೆ, ಮಲ್ಲಿಗೆಯೂ ಅಲ್ಲದ ಲಾವಂಚವೂ ಅಲ್ಲದ ಗಾಢವಾದ ಪರಿಮಳವೊಂದು ನಮ್ಮ ಜಗಲಿಗೆ ಬಂದು ಕೂರುತ್ತಿತ್ತು. ಅದರ ಹಿಂದೆ ಕಪ್ಪು ಛತ್ರಿ, ಛತ್ರಿಯ ಕೆಳಗೆ ಮನುಷ್ಯ. ಕಿವಿಯ ಮಡಿಕೆಯಲ್ಲಿ ಅತ್ತರು ಅದ್ದಿದ ಹತ್ತಿಯ ಉಂಡೆ, ಷರ್ಟಿನ ಜೇಬಿನಲ್ಲಿ ಪುಟ್ಟ ಗಾಜಿನ ಶೀಶೆ. ನೋಡಿದವರು ಯಾರದೋ ಮದುವೆಗೆ ಹೊರಟಿದ್ದಾರೆ ಎಂದುಕೊಳ್ಳಬೇಕು. ಅವರ ಉದ್ಯೋಗ ಮಾತ್ರ ಶಿಡ್ಲಘಟ್ಟದ ಒಳಚರಂಡಿ ನೀರನ್ನು ನೋಡಿಕೊಳ್ಳುವುದು.

ಪೂರ್ತಿ ಹೆಸರು ವೆಂಕಟರವಣಪ್ಪ. ಬಾಗೇಪಲ್ಲಿ ಕಡೆಯವರು, ಮನೆಯಲ್ಲಿ ತೆಲುಗು. ಗೌರಿಬಿದನೂರು, ಚಿಂತಾಮಣಿ ಎಂದು ಸುತ್ತಿ ನಮ್ಮ ಪಟ್ಟಣಕ್ಕೆ ಬಂದಿದ್ದರು. ಎಲ್ಲಿಗೆ ಹೋದರೂ ಚರಂಡಿಯ ಕೆಲಸವೇ ಅವರ ಪಾಲಿಗೆ ಬರುತ್ತಿತ್ತಂತೆ. ಅತ್ತರಿನ ಕಥೆಯನ್ನು ಅವರೇ ನನಗೆ ನಗುತ್ತ ಹೇಳಿದ್ದರು. ಚಿಂತಾಮಣಿಯಲ್ಲಿದ್ದಾಗ ದಿನವೆಲ್ಲ ಮ್ಯಾನ್‌ಹೋಲುಗಳ ಬಳಿ ನಿಂತು ಸಂಜೆ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದ ಸಂತೆಯ ದಿನವೂ ಇವರ ಪಕ್ಕದ ಸೀಟು ಖಾಲಿ. "ಮೊದಮೊದಲು ಆರಾಮಾಗಿತ್ತು ಮೇಡಂ, ಕಾಲು ಚಾಚ್ಕೊಂಡು ಹೋಗ್ತಿದ್ದೆ. ಆಮೇಲೆ ಒಂಥರಾ ಆಯ್ತು," ಎಂದಿದ್ದರು. ಅಂದಿನಿಂದ ಅತ್ತರು.

ನಾನು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಶಿಡ್ಲಘಟ್ಟಕ್ಕೆ ಹತ್ತಿರದ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದೇನೆ. ಅಪ್ಪ ನನ್ನ ಪಾಲಿಗೆ ಬಿಟ್ಟುಹೋದ ಹಿಪ್ಪುನೇರಳೆ ತೋಟವೊಂದಿದೆ. ತೋಟ ನನ್ನದಾದರೂ ರೇಷ್ಮೆಹುಳು ಸಾಕುವ ಮನೆಯ ಆಡಳಿತ ತಮ್ಮನ ಹೆಂಡತಿ ಅಶ್ವತ್ಥಮ್ಮನದು. ನಾನು ಬಂದಮೇಲೆ ಮಾಡಿದ ಒಂದೇ ಸುಧಾರಣೆಯೆಂದರೆ, ಹಾಸ್ಟೆಲಿನಿಂದ ಬೀಳ್ಕೊಡುಗೆಯಾಗಿ ಬಂದ ಹಿತ್ತಾಳೆಯ ಗಂಟೆಯನ್ನು ಹುಳುಮನೆಯ ಬಾಗಿಲಿಗೆ ತೂಗುಹಾಕಿದ್ದು. ಸೊಪ್ಪು ಹಾಕುವ ಹೊತ್ತಿಗೆ ಗಂಟೆ ಬಾರಿಸುತ್ತೇನೆ. ಹುಳುಗಳಿಗೆ ಹಾಜರಿ ಒಂದು ಬಾಕಿ ಎಂದು ತಮ್ಮ ನಗುತ್ತಾನೆ. ಆದರೆ ಗಂಟೆ ಬಂದಮೇಲೆ ಸೊಪ್ಪು ತಡವಾದದ್ದಿಲ್ಲ.

ರವಣಪ್ಪನವರು ನಮ್ಮೂರಿಗೆ ಬಂದದ್ದು ನೀರು ಕೊಡುವುದಕ್ಕೆ. ಪಟ್ಟಣದ ಬಚ್ಚಲು, ಕಕ್ಕಸುಗಳ ನೀರೆಲ್ಲ ಊರಾಚೆಯ ಘಟಕಕ್ಕೆ ಹೋಗಿ, ತೊಟ್ಟಿಗಳಲ್ಲಿ ಗಾಳಿಯಾಡಿ, ಕೆಸರು ತಳಕ್ಕಿಳಿದು, ಮರಳಿನಲ್ಲಿ ಸೋಸಿ ತಿಳಿಯಾಗುತ್ತಿತ್ತು. ಇಷ್ಟೆಲ್ಲ ಮಾಡಿ ಅದನ್ನು ಮತ್ತೆ ಕೊಳಕು ಹಳ್ಳಕ್ಕೇ ಬಿಡುವುದು ಅವರಿಗೆ ಸಹಿಸದ ಸಂಗತಿ. ಮಗುವಿಗೆ ಎರೆದು, ಪೌಡರು ಹಚ್ಚಿ, ಕೆಸರಿನಲ್ಲಿ ಕೂರಿಸಿದ ಹಾಗೆ ಎನ್ನುತ್ತಿದ್ದರು. ಆ ನೀರನ್ನು ಪೈಪಿನಲ್ಲಿ ನಮ್ಮ ತೋಟಗಳಿಗೆ ತರಬೇಕು; ಹಸಿಯಾಗಿ ತಿನ್ನುವ ತರಕಾರಿಗೆ ಬೇಡ, ಹಿಪ್ಪುನೇರಳೆಗೆ ಕೊಡೋಣ ಎಂಬುದು ಅವರ ಯೋಜನೆ. ರೈತರು ಒಪ್ಪದಿದ್ದರೆ ಪೈಪಿನ ಭಾಗವನ್ನೇ ಕೈಬಿಡುವುದಾಗಿ ಮೇಲಿನವರು ಹೇಳಿಬಿಟ್ಟಿದ್ದರು. ಒಪ್ಪಿಸುವ ಭಾರವೆಲ್ಲ ಇವರ ಮೇಲೆ.

ಪೈಪಿನ ದಾರಿಯನ್ನು ಅವರು ನಡೆದೇ ಗುರುತಿಸಿದ್ದರು. ಜೀಪು ಕೊಡುತ್ತೇವೆಂದರೂ ಬೇಡವೆಂದು, ಘಟಕದಿಂದ ನಮ್ಮೂರಿನವರೆಗೆ ಛತ್ರಿ ಊರುತ್ತ ಬರುವರು. ನೆಲದ ಏರಿಳಿತ ಜೀಪಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ, ಏದುಸಿರು ಬಂದ ಕಡೆ ಪಂಪು ಬೇಕು ಎಂದು ಲೆಕ್ಕ ಎನ್ನುತ್ತಿದ್ದರು. ಮಟ್ಟ ಅಳೆಯುವ ಯಂತ್ರ ಹಿಡಿದು ಬಂದ ಹುಡುಗರು ಬೇರೆ ಇದ್ದರು, ಆ ಮಾತು ಬೇರೆ.

ಡೇರಿಯ ಮುಂದೆ ಸಭೆ ಕರೆದರು. ಎರಡು ಗಾಜಿನ ಬಾಟಲಿ ತಂದಿದ್ದರು: ಒಂದರಲ್ಲಿ ನಮ್ಮ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಘಟಕದ ನೀರು. ಯಾವುದು ಯಾವುದೆಂದು ಮೂಸಿ ಹೇಳಿ ಎಂದು ಮುಚ್ಚಳ ತೆಗೆದು ತಾವೇ ಎಲ್ಲರ ಮೂಗಿನ ಬಳಿ ಹಿಡಿದರು. ನಮ್ಮ ಜನರ ಮೂಗು ಸಾಮಾನ್ಯದ್ದಲ್ಲ. ನೂಲು ಬಿಚ್ಚುವ ಬೀದಿಗಳಲ್ಲಿ ಬೇಯುವ ಹುಳುವಿನ ವಾಸನೆಯ ನಡುವೆ ಕೂತು ಇಡ್ಲಿ ತಿನ್ನುವವರು. ಹಿರಿಯರಾದ ಪಿಳ್ಳಪ್ಪ ಎರಡನ್ನೂ ನಿಧಾನವಾಗಿ ಮೂಸಿದರು.

"ಇದು ಘಮ್ ಅಂತೈತೆ. ಅದೂ ಘಮ್ ಅಂತೈತೆ," ಎಂದರು.

ಜನ ನಕ್ಕರು. ರವಣಪ್ಪನವರ ಬೆರಳು ತಾಗಿದ ಬಾಟಲಿಯಲ್ಲಿ ಇನ್ನೇನು ತಾನೆ ವಾಸನೆ ಬಂದೀತು? ಅಶ್ವತ್ಥಮ್ಮ ಹಿಂದಿನಿಂದ, "ಕೊಳಚೆ ನೀರಿಗೆ ಅತ್ತರು ಹಾಕಿ ತಂದವ್ರೆ," ಎಂದಳು. ತಮಾಷೆಗೆ ಹೇಳಿದ ಮಾತು ಸಂಜೆಯ ಹೊತ್ತಿಗೆ ಊರೆಲ್ಲ ಸುತ್ತಿ ನಿಜವಾಗಿ ಮನೆಗೆ ಬಂತು. ಯಾರೂ ನೀರು ಬೇಕೆನ್ನಲಿಲ್ಲ.

ಪರೀಕ್ಷೆ ಮಾಡದೆ ಫಲಿತಾಂಶ ಹೇಳುವುದು ನನ್ನ ಜಾಯಮಾನವಲ್ಲ. ನನ್ನ ತೋಟದ ಅರ್ಧಕ್ಕೆ ಟ್ಯಾಂಕರಿನಲ್ಲಿ ಆ ನೀರು ತಂದು ಹಾಯಿಸಿ, ಆ ಸೊಪ್ಪನ್ನು ಒಂದು ಬದಿಯ ಹುಳುಗಳಿಗೆ ಕೊಟ್ಟು ನೋಡೋಣ ಎಂದೆ. ಅಶ್ವತ್ಥಮ್ಮ ಮುಖ ಊದಿಸಿಕೊಂಡಳು. ರವಣಪ್ಪನವರು ಅವಳನ್ನು ಸಮಾಧಾನಪಡಿಸಲು ಹೋದರು.

"ನೀರಿಗೆ ಹಿಂದಿನ ಜನ್ಮದ ನೆನಪಿರಲ್ಲ ಕಣಮ್ಮ. ತೊಳೆದ್ರೆ ಸಾಕು, ಹೊಸದು."

"ನೀರಿಗಿಲ್ದಿದ್ರೂ ನನ್ನ ಹುಳಕ್ಕಿರ್ತದೆ," ಎಂದಳು ಅವಳು.

ಸೊಪ್ಪು ಚಿಗುರಿ ಬರುವವರೆಗೂ ರವಣಪ್ಪನವರು ನೆವ ಹುಡುಕಿಕೊಂಡು ಬರುತ್ತಲೇ ಇದ್ದರು. ಮೊಟ್ಟೆಯೊಡೆದು ಹುಳು ಬಂದಮೇಲಂತೂ ಒಳಗೆ ಇಣುಕುವ ಆಸೆ ಅವರಿಗೆ ತಡೆಯಲಾಗದು. ಆದರೆ ಹುಳುಮನೆಗೆ ಊದುಬತ್ತಿ, ಒಗ್ಗರಣೆ, ಬೀಡಿ, ಸೆಂಟು ಯಾವುದರ ಗಾಳಿಯೂ ಸೋಕಬಾರದು. ಕಾಲು ತೊಳೆಯದೆ ಸ್ವಂತ ಗಂಡನನ್ನೇ ಒಳಗೆ ಬಿಡದ ಅಶ್ವತ್ಥಮ್ಮ ಇವರನ್ನು ಬಿಟ್ಟಾಳೆಯೇ? ಹೊಸ್ತಿಲಿನಿಂದ ಬಲು ದೂರದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದಿದ್ದಳು. ಅವರು ಆ ಗೆರೆಯಾಚೆ ಛತ್ರಿ ಬಿಡಿಸಿ ನಿಂತು, "ಹೇಗಿದಾವಮ್ಮ?" ಎಂದು ಹೆರಿಗೆ ಆಸ್ಪತ್ರೆಯ ಹೊರಗಿನ ಗಂಡಸಿನಂತೆ ಕೇಳುವರು. ಅವಳು ಉತ್ತರ ಕೊಟ್ಟರೆ ಕೊಟ್ಟಳು.

ಎರಡೂ ಬದಿಯ ಹುಳುಗಳು ಸರಿಸಮನಾಗಿ ಬೆಳೆದವು. ಕೊನೆಯ ಜ್ವರ ಕಳೆದವು. ಪೊರೆ ಬಿಡಲು ಹುಳು ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ಕೊನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಆ ದಿನ ಬೆಳಿಗ್ಗೆ ನನ್ನ ತಮ್ಮ ಚಿಂತಾಮಣಿಯ ಮಾರುಕಟ್ಟೆಗೆ ಹೋಗಿದ್ದ. ಸೊಪ್ಪು ಕೊಯ್ಯಲು ಕೈ ಸಾಲದು. ಆಗಲೇ ಬಂದಿಳಿದ ರವಣಪ್ಪನವರು ತಮ್ಮ ನೀರಿನ ಪಾಲಿನ ಸೊಪ್ಪನ್ನು ತಾವೇ ಕೊಯ್ಯುತ್ತೇನೆಂದು ತೋಳು ಮಡಿಸಿದರು. ಒಂದೊಂದು ಕಂತೆಯನ್ನೂ ಎದೆಗವಚಿ ಹೊತ್ತು ತಂದು ಗೆರೆಯ ಮೇಲಿಟ್ಟರು. ಕೆನ್ನೆಗೆ ಅಂಟಿದ ಎಲೆಯನ್ನೂ ಬಿಡಿಸಿ ಕಂತೆಗೆ ಸೇರಿಸಿದರು.

ಮುಂದಿನ ಗಂಟೆಗೆ ನಾವು ಒಳಗೆ ಹೋದಾಗ ಬೋರ್‌ವೆಲ್ ನೀರಿನ ಬದಿಯಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಘಟಕದ ನೀರಿನ ಬದಿಯಲ್ಲಿ ಸೊಪ್ಪು ಹಾಕಿದ ಹಾಗೇ ಇತ್ತು. ಹುಳುಗಳು ಅದರಿಂದ ಸರಿದು ಅಂಚಿನಲ್ಲಿ ತಲೆಯೆತ್ತಿಕೊಂಡು ಕೂತಿದ್ದವು.

ಅಶ್ವತ್ಥಮ್ಮ ಒಂದು ಹಿಡಿ ಸೊಪ್ಪು ಹಿಡಿದು ಹೊರಗೆ ಬಂದು ವಿಷಯ ಹೇಳಿದಳು. ರವಣಪ್ಪನವರು ಛತ್ರಿ ಮಡಚಿದರು. ಬಿಸಿಲು ನೆತ್ತಿಯ ಮೇಲಿದ್ದರೂ ಮಡಚಿದರು. "ಹಾಗಾದ್ರೆ ಮುಗೀತು ಮೇಡಂ. ಬೇರೆಯವರು ಹೇಳೋ ಮೊದ್ಲು ಪಿಳ್ಳಪ್ಪನೋರಿಗೆ ನಾನೇ ಹೇಳಿ ಬರ್ತೀನಿ," ಎಂದರು. ಅಲ್ಲಿಯವರೆಗೆ ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಶ್ವತ್ಥಮ್ಮ ಕೈಯಲ್ಲಿದ್ದ ಸೊಪ್ಪು ಮೂಸಿದಳು. ಇನ್ನೊಮ್ಮೆ ಮೂಸಿದಳು. ತಾನೇ ಎಳೆದ ಗೆರೆ ದಾಟಿ ಹೋಗಿ, ಹಣ್ಣಾಗಿದೆಯೋ ಎಂದು ಹಲಸನ್ನು ಮೂಸುವಂತೆ ಅವರ ಹೆಗಲನ್ನು ಮೂಸಿದಳು.

"ಎಂಜಿನಿಯರಪ್ಪ, ಹುಳ ನಿಮ್ಮ ನೀರನ್ನ ಬಿಡಲಿಲ್ಲ. ನಿಮ್ಮನ್ನ ಬಿಟ್ಟವೆ."

ತೋಟದ ಅದೇ ಅರ್ಧದಿಂದ ತಾನೇ ಸೊಪ್ಪು ಕೊಯ್ದು ತಂದು ಹಾಕಿದಳು. ನಾನು ಬಾಗಿಲಲ್ಲೇ ನಿಂತೆ. ಅಂಚಿನಲ್ಲಿದ್ದ ಹುಳುಗಳು ಒಂದೊಂದಾಗಿ ತಿರುಗಿದವು. ಆಮೇಲೆ ಕಡ್ಡಿಯನ್ನೂ ಬಿಡುವ ಲಕ್ಷಣ ಕಾಣಲಿಲ್ಲ. ಅಶ್ವತ್ಥಮ್ಮ ಹೊರಗೆ ಬಂದವಳೇ ರವಣಪ್ಪನವರ ಮುಂದೆ ಅಂಗೈ ಚಾಚಿದಳು.

"ಶೀಶೆ ಕೊಡಿ."

"ನಿಲ್ಲಮ್ಮ, ಇದಿಲ್ದೆ ಬಸ್ಸು ಹತ್ತೋಕಾಗಲ್ಲ ನನಗೆ."

"ನಡ್ಕೊಂಡು ಹೋಗಿ."

ಜೇಬಿನಿಂದ ಶೀಶೆ ತೆಗೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕೊಟ್ಟರು. ಅವಳು ಕಿವಿಯ ಕಡೆ ಬೆರಳು ತೋರಿಸಿದಳು. ಹತ್ತಿಯ ಉಂಡೆಯನ್ನೂ ಕೊಟ್ಟರು. ಆ ದಿನ ಅವರು ಬಸ್ಸಿಗೆ ಕಾಯಲಿಲ್ಲ. ಪೈಪಿನ ದಾರಿ ಹಿಡಿದು ಪಟ್ಟಣದವರೆಗೂ ನಡೆದರು.

ಗೂಡು ಚೆನ್ನಾಗಿ ಬಂತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಗೂಡನ್ನು ಕಿವಿಯ ಬಳಿ ಅಲುಗಿಸಿ ನೋಡಿದರೇ ಹೊರತು ಯಾವ ನೀರಿನದೆಂದು ಕೇಳಲಿಲ್ಲ. ಮೊದಲು ಒಪ್ಪಿದವರು ಪಿಳ್ಳಪ್ಪ. ಮಾರನೆಯ ವರ್ಷ ಪೈಪು ಬಂತು, ತೋಟಗಳ ತಲೆಯ ಮೇಲೊಂದು ಹೊಂಡ ಬಂತು, ವಾಲ್ವುಗಳು ಬಂದವು, ವಾಲ್ವಿನ ಸರದಿಗಾಗಿ ಜಗಳವೂ ಬಂತು. ನೀರು ಬೇಡವೆಂದಿದ್ದವರೇ ಈಗ ನನಗೆ ಮೊದಲು ಎನ್ನುತ್ತಿದ್ದರು. ರವಣಪ್ಪನವರಿಗೆ ಅದನ್ನು ನೋಡುವುದೇ ಹಬ್ಬ. ಸರದಿ ಬದಲಿಸಲು ನನ್ನ ಗಂಟೆಯನ್ನೇ ಗೊತ್ತುಮಾಡಿ, "ನಿಮ್ಮ ಗಂಟೆ ನನ್ನ ವಾಲ್ವಿಗಿಂತ ಗಟ್ಟಿ ಮೇಡಂ," ಎಂದು ಕೈಮುಗಿದರು. ಅತ್ತರಿಲ್ಲದ ಅವರನ್ನು ಮೊದಮೊದಲು ಜನ ಗುರುತು ಹಿಡಿಯುತ್ತಿರಲಿಲ್ಲ. ಹಿಂದಿನಿಂದ ಬಂದು ಮಾತಾಡಿಸಿದರೆ ಬೆಚ್ಚುತ್ತಿದ್ದರು.

ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಆಮೇಲೆ ಅವರು ಈ ಕಡೆ ಬಂದದ್ದಿಲ್ಲ. ಕೆಲವು ಯುಗಾದಿಗಳವರೆಗೆ ಫೋನು ಬರುತ್ತಿತ್ತು, ಹುಳು ಹೇಗಿವೆ ಎಂದು ಮೊದಲು ಕೇಳಿ ಆಮೇಲೆ ನನ್ನ ಆರೋಗ್ಯ ಕೇಳುತ್ತಿದ್ದರು. ಈಗ ಅದೂ ಇಲ್ಲ.

ಹೋಗುವ ಮುನ್ನ ಹೇಳಿಹೋಗಲು ಬಂದಿದ್ದರು. ಹುಳುಮನೆಯ ಮುಂದಿನ ಗೆರೆ ಮಾಸಿಹೋಗಿದ್ದರೂ ಅಭ್ಯಾಸಬಲದಿಂದ ಅಲ್ಲೇ ನಿಂತರು. ಅಶ್ವತ್ಥಮ್ಮ ಹತ್ತಿರ ಹೋಗಿ ಒಮ್ಮೆ ಮೂಸಿ, "ಕಾಲು ತೊಳ್ಕೊಂಡು ಬನ್ನಿ," ಎಂದಳು. ಅವರು ಒಳಗೆ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ತಟ್ಟೆಯಿಂದ ತಟ್ಟೆಗೆ ನಡೆದರು. ಹೊರಗೆ ಬಂದಾಗ ಅಶ್ವತ್ಥಮ್ಮ ದನದ ಕೊಟ್ಟಿಗೆಯ ಮಾಡಿನಿಂದ ಶೀಶೆಯನ್ನು ತೆಗೆದು ತಂದು, ಸೆರಗಿನಿಂದ ಒರೆಸಿ ಕೊಟ್ಟಳು. ಇನ್ನು ಹಚ್ಚಿಕೊಂಡರೆ ತನ್ನ ಹುಳುಗಳಿಗೇನೂ ತೊಂದರೆಯಿಲ್ಲವಲ್ಲ ಎಂದಳು. ಅವರು ಅದನ್ನು ಜೇಬಿನಲ್ಲಿಟ್ಟುಕೊಂಡರು.

ನಾನು ಡೇರಿಯ ತಿರುವಿನವರೆಗೆ ಜೊತೆಗೆ ಹೋದೆ. ಬಸ್ಸು ಬಂತು. ಅವರು ಕಿಟಕಿಯ ಪಕ್ಕ ಕೂತರು. ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು, ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಟೊಮೇಟೊ ಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿ, ಸುತ್ತ ಖಾಲಿ ಸೀಟುಗಳಿದ್ದರೂ, ಕಣ್ಣಿಗೆ ಬಿದ್ದದ್ದು ಇದೇ ಎಂಬಂತೆ ಬಂದು ಇವರ ಪಕ್ಕದಲ್ಲಿ ಧೊಪ್ಪನೆ ಕೂತು, ಬುಟ್ಟಿಯನ್ನು ಇವರ ಕಾಲಿನತ್ತ ನೂಕಿದಳು. ರವಣಪ್ಪನವರು ಕಾಲು ಮಡಚಿ ಕಿಟಕಿಗೊತ್ತಿ ಕೂತರು. ಜಾಗ ಸಾಲದೆ ಮುದುಡಿಕೊಂಡೇ ನನ್ನ ಕಡೆ ತಿರುಗಿ, ಅವಳಿಗೆ ತಿಳಿಯದಂತೆ, ಅವಳನ್ನು ಕಣ್ಣಿನಲ್ಲೇ ತೋರಿಸಿದರು.